ಎಂಬತ್ತೆಂಟು ಮೆಟ್ಟಿಲು, ಒಂದು ಒಣ ಮಾಸ್ಕ್

ಆಸ್ಪತ್ರೆಯ ಲಿಫ್ಟು ರೋಗಿಗಳಿಗೆ ಮೀಸಲು. ಒಗೆದ ಬಟ್ಟೆ ನಾಲ್ಕನೇ ಮಹಡಿಯ ಎದೆರೋಗದ ವಾರ್ಡಿಗೆ ಏರುತ್ತಿದ್ದುದು ಹೆಗಲ ಮೇಲೆ, ಅದೂ ಹತ್ತೊಂಬತ್ತು ವರ್ಷದಿಂದ ಒಂದೇ ಹೆಗಲು. ಗಂಟು ಹೊರುವವಳಾದ್ದರಿಂದ ಎಲ್ಲರ ಬಾಯಲ್ಲೂ ಆಕೆ ಗಂಟಕ್ಕ. ಮೆಟ್ಟಿಲ ಬುಡದಿಂದಲೇ ಮಾಸ್ಕ್ ಕಡ್ಡಾಯ. ಮೆಟ್ಟಿಲು ಎಂಬತ್ತೆಂಟು, ಗಂಟಕ್ಕನಿಗೆ ಐವತ್ತಾರು.

ಅಡ್ಡಗಾಲು ಹಾಕಿದ್ದು ಹೊರಗಿನವರಲ್ಲ, ಅಲ್ಲೇ ನರ್ಸಾಗಿದ್ದ ಸ್ವಂತ ಮಗಳು. ಮಾಸ್ಕ್ ಹಾಕಿ ಭಾರ ಹೊತ್ತರೆ ಅಮ್ಮನಿಗೆ ಆಮ್ಲಜನಕ ಕಡಿಮೆಯಾದೀತೆಂದು ಹೆದರಿ, ಕೆಳಗೆ ಬಟ್ಟೆ ಮಡಚಲು ಕೂರಿಸಿ ಎಂದು ಮೇಲ್ವಿಚಾರಕರಿಗೆ ಚೀಟಿ ಬರೆದಿದ್ದಳು.

"ಕೂತು ಮಡಚೋ ಕೆಲಸ ನಂಗೆ ಬೇಡ," ಗಂಟಕ್ಕ ಕೆರಳಿದಳು. "ನನ್ನ ದಮ್ಮು ಎಷ್ಟಂತ ನಿಂಗೇನು ಗೊತ್ತು? ಆ ಬೆರಳಿಗೆ ಸಿಕ್ಕಿಸೋದನ್ನ ತಗೊಂಡು ನನ್ನ ಜೊತೆ ಬಾ."

ಮೇಲೆ ತಲುಪಿದಾಗ ಆಮ್ಲಜನಕ ತೊಂಬತ್ತೈದಕ್ಕಿಂತ ಇಳಿದರೆ ಮಡಚುವ ಕೋಣೆಯೇ ಗತಿ ಎಂದ ಮೇಲ್ವಿಚಾರಕರು ಅರ್ಧ ಗಂಟೆ ಮೊದಲೇ ಮೇಲೇರಿ, ಸುಧಾರಿಸಿಕೊಂಡು ಕೂತರು.

ಗಂಟಕ್ಕ ಹೊರಟಳು. ಮೂರು ಮೆಟ್ಟಿಲಿಗೆ ಉಸಿರು ಒಳಗೆ, ಮೂರಕ್ಕೆ ಹೊರಗೆ. ಮಾತಿಲ್ಲ, ಆತುರವಿಲ್ಲ. ಮಗಳ ಹೆಗಲು ಖಾಲಿ, ಆದರೆ ಬಾಯಿ ತುಂಬ ಬುದ್ಧಿವಾದ. "ಅಮ್ಮಾ ನಿಧಾನ... ಅಮ್ಮಾ ನಿಲ್ಲು... ಸುಸ್ತಾದ್ರೆ ಹೇಳು..."

ಎರಡನೇ ಮಹಡಿಯ ತಿರುವಿನ ಕಿಟಕಿಯ ಬಳಿ ಗಂಟಕ್ಕ ನಿಂತು, ಜೇಬಿನ ಕವರಿನಿಂದ ಒಣ ಮಾಸ್ಕ್ ತೆಗೆದು ಬದಲಿಸಿಕೊಂಡಳು. ಬೆವರಿಗೆ ಒದ್ದೆಯಾದ ಮಾಸ್ಕ್ ಮೂಗಿಗೆ ಅಂಟಿ ಉಸಿರು ಕಟ್ಟಿಸುತ್ತದೆಂದು ಅವಳಿಗೆ ಯಾರೂ ಪಾಠ ಮಾಡಿರಲಿಲ್ಲ. ಕೆಲಸದ ಮೊದಲ ಬೇಸಿಗೆಯೇ ಕಲಿಸಿತ್ತು. ಮಗಳಿಗೂ ಒಂದು ಚಾಚಿದಳು. "ನಂಗ್ಯಾಕೆ?" ಎಂದಳು ಮಗಳು.

ಮೂರನೇ ಮಹಡಿ ದಾಟುವಷ್ಟರಲ್ಲಿ ಬುದ್ಧಿವಾದ ತಾನಾಗಿ ನಿಂತಿತು.

ಮೇಲೆ ವಾರ್ಡಿನ ಬಾಗಿಲ ಹೊರಗೆ ಗಂಟಕ್ಕ ಗಂಟಿಳಿಸಿ ಬೆರಳು ಚಾಚಿದಳು. ಎದೆ ಹೊಡೆದುಕೊಳ್ಳುತ್ತಿತ್ತು, ಸುಳ್ಳೇಕೆ. ಆದರೆ ಮೇಲ್ವಿಚಾರಕರು ಓದಿದ ಸಂಖ್ಯೆ ತೊಂಬತ್ತೇಳು. ಓದಿ ಹೇಳಬೇಕಾದ ಮಗಳು ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದಳು. ಒದ್ದೆ ಮಾಸ್ಕ್ ಬಾಯಿಗೆ ಮೆತ್ತಿಕೊಂಡಿತ್ತು.

"ಸಿಸ್ಟರ್, ನಿಮ್ಮ ಬೆರಳೂ ಕೊಡಿ ನೋಡೋಣ," ಎಂದರು ಮೇಲ್ವಿಚಾರಕರು.

ಅವಳದೂ ತೊಂಬತ್ತೇಳೇ. ಆಮ್ಲಜನಕ ಇಬ್ಬರಲ್ಲೂ ಇಳಿದಿರಲಿಲ್ಲ. ದಮ್ಮು ಮಾತ್ರ ಒಬ್ಬಳಲ್ಲೇ ಉಳಿದಿತ್ತು.

ಮಗಳು ಮೇಲ್ವಿಚಾರಕರ ಕೈಯಿಂದ ತನ್ನ ಚೀಟಿ ತೆಗೆದುಕೊಂಡು ಹರಿದಳು. "ನಮ್ಮಮ್ಮ, ಸರ್..." ಎಂದಳು. ಮುಂದಕ್ಕೆ ಉಸಿರು ಸಾಲಲಿಲ್ಲ. ಗಂಟಕ್ಕನಿಗೆ ಅಷ್ಟೇ ಸಾಕಾಗಿತ್ತು. ಹೆಮ್ಮೆಗೆ ಕಣ್ಣು ತುಂಬಿ ಬಂತು. ಕಾಣಗೊಡದೆ ಜೇಬಿಗೆ ಕೈ ಹಾಕಿ ಆ ಒಣ ಮಾಸ್ಕನ್ನು ಮತ್ತೆ ಚಾಚಿದಳು.

"ಈಗಲಾದ್ರೂ ಹಾಕ್ಕೋ. ಕೆಳಗೆ ಇನ್ನೊಂದು ಗಂಟಿದೆ, ಬಾಯಿ ಮುಚ್ಕೊಂಡು ಬಾ."