ನನ್ನ ಕುರ್ಚಿಗೆ ನಾನು ಹೇಳಿದ ಬೆಲೆ

ನನ್ನ ಗಂಡ ಹಳೆಯ ಮರದ ಸಾಮಾನು ಕೊಂಡು ಮಾರುವವರು. ಅಂಗಡಿಗೆ ದೊಡ್ಡ ಬೋರ್ಡೇ ಇದೆ. ಆದರೂ ಜನರ ಬಾಯಲ್ಲಿ ಅದು "ಹುಳುಕು ಮಾಮನ ಅಂಗಡಿ". ಗಿರಾಕಿ ಬೆಲೆ ಕೇಳುವ ಮೊದಲೇ ಇವರು ಮೇಜನ್ನು ಮಗುಚಿ ಹಾಕಿ, "ನೋಡಿ, ಈ ಕಾಲು ಬದಲಾಯಿಸಿದ್ದು. ಇಲ್ಲಿ ಗೆದ್ದಲು ಹಿಡಿದಿತ್ತು, ಮೇಣ ತುಂಬಿದೀನಿ" ಎಂದು ತಮ್ಮ ಮಾಲಿನ ಹುಳುಕನ್ನು ತಾವೇ ತೋರಿಸುತ್ತಾರೆ. ಮಾರಲು ಬಂದವರಿಗೋ, ಅವರಿಗೇ ಗೊತ್ತಿಲ್ಲದ ಗುಣ ಹೇಳಿ ಬೆಲೆ ಏರಿಸುತ್ತಾರೆ! "ಅಜ್ಜಿ, ಇದು ಬೀಟೆ ಮರದ ಪೆಟ್ಟಿಗೆ. ಇಷ್ಟು ಅಗ್ಗಕ್ಕೆ ಯಾರಿಗೂ ಕೊಡಬೇಡಿ, ನನಗೂ ಕೊಡಬೇಡಿ." ಇಂಥ ವ್ಯಾಪಾರಿಯನ್ನು ಕಟ್ಟಿಕೊಂಡು ಸಂಸಾರ ತೂಗಿಸಿದವಳು ನಾನು.

ಹಾಗಂತ ಅಂಗಡಿ ಮುಳುಗಲಿಲ್ಲ. ಒಮ್ಮೆ ಕೊಂಡವರು ಮಗಳ ಮನೆಗೆ, ತಂಗಿಯ ಮನೆಗೆ ಎಂದು ಮತ್ತೆ ಮತ್ತೆ ಬರುತ್ತಾರೆ. ಹೊಟ್ಟೆ ಬಟ್ಟೆಗೆ ಏನೂ ಕಮ್ಮಿಯಾಗಲಿಲ್ಲ. ನನ್ನ ಜಗಳವೇ ಬೇರೆ. ನಮ್ಮ ಮನೆ ಇರುವುದು ಅಂಗಡಿಯ ಹಿಂದೆಯೇ, ನಡುವೆ ಒಂದು ಪರದೆ. ಗಿರಾಕಿಗಳು ಪರದೆ ಸರಿಸಿ ಇಣುಕಿದರೆ ಸಾಕು, ಇವರು "ಬನ್ನಿ, ಒಳಗೂ ನೋಡಿ" ಅನ್ನುತ್ತಾರೆ. ಒಂದು ದಿನ ಊಟಕ್ಕೆ ಕೂತಿದ್ದಾಗ ತಟ್ಟೆಗಳನ್ನು ನೆಲಕ್ಕಿಳಿಸಿ ಮೇಜನ್ನೇ ಮಾರಿ ಕಳಿಸಿದರು, ಪುಣ್ಯಾತ್ಮ!

ಉಳಿದದ್ದು ಕಿಟಕಿಯ ಬಳಿಯ ಆರಾಮಕುರ್ಚಿ ಒಂದೇ. ನನ್ನ ಬೆನ್ನುನೋವಿಗೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಮಧ್ಯಾಹ್ನ ಅದಕ್ಕೆ ಒರಗಿದರೆ ನನಗೆ ಯಾವ ಅರಮನೆಯೂ ಬೇಡ. "ಇದರ ತಂಟೆಗೆ ಬಂದ್ರೆ ನೋಡಿ!" ಎಂದು ಮೊದಲೇ ಎಚ್ಚರಿಸಿದ್ದೆ.

ಮೊನ್ನೆ, ಹೊಸದಾಗಿ ಮನೆ ಮಾಡಿದ ಟೀಚರೊಬ್ಬರು ಬಂದರು. ಪರದೆಯಾಚೆ ಕಣ್ಣು ಹಾಯಿಸಿದವರೇ ಸೀದಾ ಒಳಗೆ ಬಂದು ನನ್ನ ಕುರ್ಚಿಯಲ್ಲೇ ಕೂತುಬಿಟ್ಟರು. "ಆಹಾ, ನಂಗೆ ಇದೇ ಬೇಕು! ಎಷ್ಟು?"

ಗಂಡ ನನ್ನ ಮುಖ ನೋಡಿ, "ಅದು ಇವಳ ಕುರ್ಚಿ. ಬೆಲೆ ಇವಳೇ ಹೇಳ್ಬೇಕು" ಎಂದರು.

ಕೊಡಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಬಂದ ಗಿರಾಕಿಗೆ ಇಲ್ಲ ಅನ್ನಬಾರದೆಂಬ ಅಂಗಡಿಯವರ ರೋಗ ನನಗೂ ಅಂಟಿದೆಯಲ್ಲ! ಬೆಲೆ ಕೇಳಿಯೇ ಓಡಲಿ ಎಂದು "ಹತ್ತು ಸಾವಿರ" ಎಂದುಬಿಟ್ಟೆ.

"ಆಯ್ತು, ಕೊಡ್ತೀನಿ" ಎಂದು ಟೀಚರ್ ಚೀಲಕ್ಕೆ ಕೈ ಹಾಕಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ಅಳುವೇ ಬಂತು.

"ಸ್ವಲ್ಪ ಏಳಿ ಟೀಚರ್" ಎಂದ ನನ್ನ ಗಂಡ ಕುರ್ಚಿಯನ್ನು ಮಗುಚಿ ಹಾಕಿದರು. "ನೋಡಿ, ಈ ಕೈ ಬಿರುಕು ಬಿಟ್ಟಿದೆ. ಬೆನ್ನಿನ ಬೆತ್ತ ಸಡಿಲ ಆಗಿದೆ. ಮೂರು ಸಾವಿರದ ಮೇಲೆ ಒಂದು ಚಿಕ್ಕಾಸೂ ಬಾಳಲ್ಲ."

"ಹೌದಾ? ಹಾಗಾದ್ರೆ ಮೂರಕ್ಕೇ ಕೊಡಿ!"

ಸಿಟ್ಟು ನೆತ್ತಿಗೇರಿತು. ಕುರ್ಚಿ ಹೋಗುವುದೂ ಅಲ್ಲದೆ ಚಿಲ್ಲರೆ ಬೆಲೆಗೆ ಹೋಗಬೇಕೇ? "ಮೂರಕ್ಕೆ ಸುತಾರಾಂ ಕೊಡಲ್ಲ!" ಎಂದು ಕೂಗಿದೆ.

ಗಂಡ ನಿಧಾನವಾಗಿ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿದರು. "ಕೇಳಿದ್ರಲ್ಲ ಟೀಚರ್? ಅವಳು ಹೇಳಿದ ಬೆಲೆಗೆ ಮಾರೋಕೆ ನನ್ನ ಮನಸ್ಸು ಒಪ್ಪಲ್ಲ. ನಾನು ಹೇಳಿದ ಬೆಲೆಗೆ ಕೊಡೋಕೆ ಅವಳು ಒಪ್ಪಲ್ಲ. ಏನ್ ಮಾಡ್ಲಿ?"

"ಚೆನ್ನಾಗಿದೆ ನಿಮ್ಮ ಗಂಡ ಹೆಂಡತಿ ನ್ಯಾಯ!" ಎಂದು ಟೀಚರ್ ಬಿದ್ದು ಬಿದ್ದು ನಕ್ಕರು. ಆಮೇಲೆ ಅಂಗಡಿಯಲ್ಲಿದ್ದ ಬೇರೊಂದು ಕುರ್ಚಿಯ ಹುಳುಕನ್ನೆಲ್ಲ ಕೇಳಿಸಿಕೊಂಡು, ಅದನ್ನೇ ಆಟೋಗೆ ಹಾಕಿಸಿಕೊಂಡು ಹೋದರು.

ನಾನು ಕಿಟಕಿಯ ಬಳಿ ನನ್ನ ಕುರ್ಚಿಗೆ ಒರಗಿ ಕೂತು, "ನಿಜವಾಗ್ಲೂ ಇದು ಮೂರೇ ಸಾವಿರ ಬಾಳೋದೇನ್ರೀ?" ಎಂದು ಕೇಳಿದೆ.

"ಅಂಗಡೀಲಿಟ್ರೆ ಅಷ್ಟೇ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹೀಗೆ ನೀನು ಕೂತಿರೋವಾಗ ಎಷ್ಟು ಅಂತ ನಂಗೆ ಗೊತ್ತಾಗಲ್ಲ ಕಣೇ" ಎಂದರು.

ಆ ಮನುಷ್ಯ ಒಂದು ವಸ್ತುವಿನ ಬೆಲೆ ಗೊತ್ತಾಗಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ತುಂಬಾ ಖುಷಿಯಾಯಿತು.