ರಾಜುವಿನ ಪಾಲಿನ ಮೊದಲ ದೋಸೆ

ತಿಂಡಿ ತೋರಿಸಿ ನಾಯಿಗೆ ಕಲಿಸಬಾರದು, ಕಲಿಸಿದರೆ ಅದು ಹೊಟ್ಟೆಬಾಕ ಆಗುತ್ತದೆ, ಕೊನೆಗೊಂದು ದಿನ ಕಚ್ಚುತ್ತದೆ. ಪುಣೆಯ ಶಿವಾಜಿನಗರದಲ್ಲಿ ಸುಧಾಕರ ಶೆಟ್ಟರ ಹೋಟೆಲನ್ನು ಬಲ್ಲವರು ಇದಕ್ಕೆ ಸಾಕ್ಷಿಯಾಗಿ ಅವರ ನಾಯಿ ರಾಜುವಿನ ಕತೆ ಹೇಳುತ್ತಾರೆ. ಅವರ ಪ್ರಕಾರ ಮೊದಲು ಒಬ್ಬಳು ಹುಡುಗಿ ಬಂದು ಲಿವರ್ ತುಂಡು ತಿನ್ನಿಸಿ ನಾಯಿಯನ್ನು ಹಾಳು ಮಾಡಿದಳು. ಆಮೇಲೆ ಪುಣೆಯಾಚೆ ಚಾಕಣದ ನಾಯಿ ತರಬೇತಿ ಕ್ಯಾಂಪಿನ ಸರ್ ತಿದ್ದಿದರು. ಆದರೂ ಹಳೆಯ ಚಾಳಿ ಹೋಗದೆ ಅದು ಲಿಫ್ಟಿನಲ್ಲಿ ಒಬ್ಬ ಹೆಂಗಸಿನ ಕೈ ಕಚ್ಚಿತು.

ಆ ಹುಡುಗಿ ನಾನು. ಈ ಕತೆಯಲ್ಲಿ ಎರಡು ಸಂಗತಿ ನಿಜ. ಲಿವರ್ ತುಂಡನ್ನು ನಾನು ಒಯ್ದಿದ್ದೆ, ಆ ಹೆಂಗಸಿನ ಅಂಗೈಗೆ ನಾಲ್ಕು ಹೊಲಿಗೆ ಬಿದ್ದವು. ಇವೆರಡರ ನಡುವೆ ನಡೆದದ್ದನ್ನು ಯಾರೂ ಹೇಳುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಇಷ್ಟೇ: ಎದುರಾಳಿ ಅಕ್ಕಪಕ್ಕ ಇಟ್ಟ ಎರಡು ಸಂಗತಿಗಳ ನಡುವೆ ಏನನ್ನು ಬಿಟ್ಟಿದ್ದಾನೆ ಎಂದು ಮೊದಲು ನೋಡಬೇಕು.

ಇದು ಎರಡು ವರ್ಷಗಳ ಹಿಂದಿನ ಮಾತು. ನಾನು ಆಗಲೂ ಈಗಿನಂತೆಯೇ ಮನೆಮನೆಗೆ ಹೋಗಿ ನಾಯಿಗಳಿಗೆ ತರಬೇತಿ ಕೊಡುತ್ತಿದ್ದೆ. ಬೆಳಿಗ್ಗೆ ಹಳೆಯ ಊರಿನ ಓಣಿಗಳು, ಸಂಜೆ ಹಿಂಜವಾಡಿಯ ಫ್ಲಾಟುಗಳು, ನಡುವೆ ಸ್ಕೂಟರ್ ಮತ್ತು ಟ್ರಾಫಿಕ್. ನಮ್ಮ ಕೆಲಸದಲ್ಲಿ ‘ಮೋಟಿವೇಟರ್’ ಎಂಬ ಮಾತಿದೆ. ನಾಯಿ ಹೇಳಿದ್ದನ್ನು ಮಾಡಲಿ ಎಂದು ನಾವು ಮುಂದಿಡುವ ಬಹುಮಾನ ಅದು. ಕೆಲವು ನಾಯಿಗಳಿಗೆ ತಿನಿಸು, ಕೆಲವಕ್ಕೆ ಚೆಂಡು, ಕೆಲವಕ್ಕೆ ಹಗ್ಗ ಜಗ್ಗುವ ಆಟ. ಯಾವ ನಾಯಿಗೆ ಯಾವುದು ಎಂದು ಕಂಡುಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಶೆಟ್ಟರದು ಕುಂದಾಪುರದ ಕಡೆಯ ಕುಟುಂಬ. ಕೆಳಗೆ ಹೋಟೆಲ್, ಮೇಲೆ ಮನೆ. ರಾಜು ನಾಲ್ಕು ವರ್ಷದ ಲ್ಯಾಬ್ರಡಾರ್, ಮೂವತ್ತಾರು ಕಿಲೋ, ಸ್ವಲ್ಪ ಜಾಸ್ತಿಯೇ. ಅವರು ಹಿಂಜವಾಡಿಯಲ್ಲಿ ಹನ್ನೊಂದನೇ ಮಹಡಿಯ ಫ್ಲಾಟ್ ಕೊಂಡಿದ್ದರು. ಅಲ್ಲಿನ ಸೊಸೈಟಿಯವರ ಷರತ್ತು ಒಂದೇ: ನಾಯಿ ಲಿಫ್ಟಿನಲ್ಲಿ ಜನರ ಜೊತೆ ಸುಮ್ಮನೆ ನಿಲ್ಲಬೇಕು. ರಾಜುವೋ ಯಾರನ್ನು ಕಂಡರೂ ಎದೆಗೆ ಹಾರುವವನು, ಪ್ರೀತಿಯಿಂದಲೇ. ಅವನು ಕಲಿತರೆ ಮನೆಯವರ ಜೊತೆ ಹೊಸ ಫ್ಲಾಟಿಗೆ, ಕಲಿಯದಿದ್ದರೆ ಬೇರೆ ಯಾರಿಗಾದರೂ ಎಂದು ಶೆಟ್ಟರು ಮೊದಲ ದಿನವೇ ನನಗೆ ಹೇಳಿದ್ದರು.

ಮೊದಲ ಪಾಠಕ್ಕೆ ನಾನು ಬೇಯಿಸಿದ ಲಿವರ್ ಒಯ್ದೆ. ರಾಜು ಮೂಸಿ ಮುಖ ತಿರುಗಿಸಿದ. ಬೆಳಿಗ್ಗೆಯಿಂದ ಏನು ತಿಂದಿದ್ದಾನೆ ಎಂದು ಶೆಟ್ಟರ ಹೆಂಡತಿ ವನಜಕ್ಕನನ್ನು ಕೇಳಿದೆ. ಅವರು ಹೇಳಿದ್ದನ್ನು ಕೇಳಿ ನಗು ಬಂತು. ಆ ಹೋಟೆಲಿನಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಕಾವಲಿಗೆ ಹೊಯ್ದ ಮೊದಲ ದೋಸೆ ಗಿರಾಕಿಗೆ ಹೋಗುವುದಿಲ್ಲ. ಅದು ಕಾವಲಿಯ ಹದ ನೋಡಲು ಹೊಯ್ಯುವ ದೋಸೆ, ಬಣ್ಣ ಸರಿ ಬಂದಿರುವುದಿಲ್ಲ. ಅದನ್ನು ಶೆಟ್ಟರು ತಮ್ಮ ಕೈಯಾರೆ ಹಿತ್ತಲ ಬಾಗಿಲಲ್ಲಿ ನಿಂತ ರಾಜುವಿಗೆ ಹಾಕುತ್ತಿದ್ದರು. ಆಮೇಲೆ ಅಡುಗೆಭಟ್ಟರು ಒಂದು ಇಡ್ಲಿ, ತೊಳೆಯುವವರು ಒಂದು, ವನಜಕ್ಕ ಒಂದು. ಎಂಟು ಗಂಟೆಗೆಲ್ಲ ಹೊಟ್ಟೆ ತುಂಬಿದ ಈ ಮಹಾಶಯನಿಗೆ ನನ್ನ ಲಿವರ್ ಯಾಕೆ ಬೇಕು?

ಆ ಹೋಟೆಲಿನಲ್ಲಿ ಯಾರನ್ನೂ ಖಾಲಿ ಹೊಟ್ಟೆಯಲ್ಲಿ ಕಳಿಸುವುದಿಲ್ಲ. ನಾನೇ ಪಾಠ ಶುರು ಮಾಡುವ ಮೊದಲು ಒಂದು ಬನ್ಸ್ ತಿನ್ನಲೇಬೇಕಿತ್ತು. ಹಾಗಾಗಿ ಪದ್ಧತಿ ಬಿಡಿ ಎಂದು ನಾನು ಹೇಳಲಿಲ್ಲ. ಉಳಿದದ್ದನ್ನು ನಿಲ್ಲಿಸಿ, ಆ ದೋಸೆಯನ್ನು ಚೂರು ಮಾಡಿ ನನ್ನ ಪಾಠದಲ್ಲಿ ಕೊಡಿ ಎಂದೆ. ಮೈ ಇಳಿಸಬೇಕು, ಆದರೆ ಹಸಿವಿನಲ್ಲಿ ಇಡಬಾರದು ಎಂದೂ ಹೇಳಿದೆ.

ಆದರೆ ರಾಜುವಿಗೆ ನಿಜವಾಗಿ ಬೇಕಿದ್ದದ್ದು ದೋಸೆಯೂ ಅಲ್ಲ. ಶೆಟ್ಟರ ಹೆಗಲ ಮೇಲಿನ ಬೈರಾಸು, ಎಂದರೆ ಬೆವರು ಒರೆಸುವ ತೆಳ್ಳನೆಯ ಟವೆಲ್. ಅದಕ್ಕೆ ಗಂಟು ಹಾಕಿ ನೆಲದಲ್ಲಿ ಎಳೆದರೆ ಅವನು ಮರಿಯಂತೆ ಆಗುತ್ತಿದ್ದ. ಕೂತರೆ ಬೈರಾಸು ಸಿಗುತ್ತದೆ, ಹಾರಿದರೆ ಆಟ ನಿಲ್ಲುತ್ತದೆ. ಎರಡು ತಿಂಗಳಲ್ಲಿ ಅವನು ಅಪರಿಚಿತರ ಎದುರು ಕೂರಲು ಕಲಿತ, ಹತ್ತಕ್ಕೆ ಆರು ಸಲ. ಒಂದು ಮಧ್ಯಾಹ್ನ ಶೆಟ್ಟರೇ ಜಗ್ಗಿ, ರಾಜು ಎಳೆದ ರಭಸಕ್ಕೆ ಮುಗ್ಗರಿಸಿ, ಹಿತ್ತಲ ಕಟ್ಟೆಯ ಮೇಲೆ ಕೂತು ನಕ್ಕರು. ರಾಜು ಬೈರಾಸನ್ನು ಅವರ ತೊಡೆಯ ಮೇಲಿಟ್ಟು ಮುಖ ನೋಡುತ್ತ ನಿಂತ. ಅದನ್ನು ಅವರಿಗೆ ತೋರಿಸಿ ನಾನು ಹೇಳಿದ್ದು ನೆನಪಿದೆ: ಕೈ ನೋಡುವ ನಾಯಿ ಬಹುಮಾನಕ್ಕಾಗಿ ಕಾಯುತ್ತಿರುತ್ತದೆ, ಮುಖ ನೋಡುವ ನಾಯಿ ನಿಮಗಾಗಿ ಕಾಯುತ್ತಿರುತ್ತದೆ. ಶೆಟ್ಟರು ಅವನ ಕಿವಿ ಹಿಂಡಿ, “ಹೌದಾ ರಾಜಾ?” ಎಂದಿದ್ದರು.

ಆದರೆ ಗೃಹಪ್ರವೇಶದ ದಿನ ನಿಗದಿಯಾಗಿತ್ತು. ಹತ್ತಕ್ಕೆ ಆರು ಸಾಲದು ಎಂಬುದು ನ್ಯಾಯವಾದ ಮಾತೇ, ಒಪ್ಪುತ್ತೇನೆ. ಇನ್ನೂ ಆರು ವಾರ ಬೇಕು ಎಂದೆ.

“ಎಷ್ಟು ದಿನ ಟವೆಲ್ ಎಳೆಯುದು ಮಾರಾಯ್ತಿ?” ಎಂದರು ಶೆಟ್ಟರು. “ಚಾಕಣದಲ್ಲಿ ಒಬ್ಬರು ಸರ್ ಉಂಟಂತೆ. ಐದು ವಾರ ಅಲ್ಲೇ ಇಟ್ಕೊಂಡು ಮಿಲಿಟರಿ ಹಾಗೆ ಮಾಡಿ ಕೊಡ್ತಾರಂತೆ.”

ರಾಜು ಹೋದ. ಕ್ಯಾಂಪಿನಿಂದ ದಿನವೂ ವಿಡಿಯೊ ಬರುತ್ತಿತ್ತು. ಶೆಟ್ಟರ ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಚಪ್ಪಾಳೆಯ ಸುರಿಮಳೆ. ನನಗೆ ಅವನ್ನು ಯಾರೂ ಕಳಿಸಲಿಲ್ಲ. ಐದು ವಾರದ ನಂತರ ಶೆಟ್ಟರು ಫೋನ್ ಮಾಡಿ ನೋಡಿ ಹೋಗಲು ಕರೆದರು. ಸೋತವಳನ್ನು ಕರೆದು ಗೆದ್ದವರ ಆಟ ತೋರಿಸುವ ಉತ್ಸಾಹ ದನಿಯಲ್ಲೇ ಇತ್ತು.

ಹಿತ್ತಲಲ್ಲಿ ಅಕ್ಕಪಕ್ಕದ ಅಂಗಡಿಯವರು ಏಳೆಂಟು ಜನ ಸೇರಿದ್ದರು. ಶೆಟ್ಟರ ಕೈಯಲ್ಲಿ ಗೋಲಿಯಷ್ಟು ವಡೆಯ ಚೂರು. ಕೂರು ಎಂದರೆ ಕೂತ. ಮಲಗು ಎಂದರೆ ಮಲಗಿದ. ಎಲ್ಲರೂ ಅವನ ಸುತ್ತ ನಡೆದಾಡಿದರು, ಕದಲಲಿಲ್ಲ. ಅಂಗಡಿಯವರು ವಾಹ್ವಾ ಎಂದರು. ನಾನು ನೋಡಿದ್ದು ಬೆನ್ನಿನ ಮೂಳೆಗಳನ್ನು. ಸೊಂಟದ ಎರಡು ಎಲುಬು ಚರ್ಮವನ್ನು ಎತ್ತಿಕೊಂಡು ನಿಂತಿದ್ದವು. ಬಾಯಿಂದ ಜೊಲ್ಲು ಎಳೆಯಾಗಿ ನೆಲಕ್ಕೆ ಇಳಿಯುತ್ತಿತ್ತು, ಒರೆಸುವವರಿಲ್ಲ. ಕಣ್ಣು ಆ ವಡೆಯ ಚೂರಿನ ಮೇಲೆ ನೆಟ್ಟಿತ್ತು. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಅವನು ಶೆಟ್ಟರ ಮುಖ ನೋಡಲಿಲ್ಲ.

ಗೂಟದ ಮೇಲಿದ್ದ ಬೈರಾಸನ್ನು ತೆಗೆದು, ಗಂಟು ಹಾಕಿ, ನೆಲದಲ್ಲಿ ಎಳೆದೆ. ರಾಜು ಹತ್ತಿರ ಬಂದು ಮೂಸಿದ. ತಿನ್ನುವ ವಸ್ತು ಅಲ್ಲವೆಂದು ತಿಳಿದು ಮತ್ತೆ ವಡೆಯ ಕಡೆ ತಿರುಗಿದ. ಆಟವಾಡದ ಲ್ಯಾಬ್ರಡಾರನ್ನು ನಾನು ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ಮಾತ್ರ ನೋಡಿದ್ದೆ.

“ಇವನನ್ನ ಉಪವಾಸ ಹಾಕ್ಯಾರ್ರಿ, ಶೆಟ್ಟ್ರೇ,” ಎಂದೆ.

“ದಪ್ಪ ಇದ್ದ, ಸಪೂರ ಆದ. ಅದೂ ನೀನೇ ಹೇಳಿದ್ದಲ್ವಾ?”

ಜನ ನಕ್ಕರು. ಒಳ್ಳೆಯ ಏಟು, ಒಪ್ಪಬೇಕು. ಅರ್ಧ ಸತ್ಯವನ್ನು ಇಷ್ಟು ಚೊಕ್ಕಟವಾಗಿ ಎಸೆಯುವವರು ನಮ್ಮ ಕಾಲೇಜಿನ ತಂಡದಲ್ಲಿ ಇದ್ದಿದ್ದರೆ ಎಷ್ಟೋ ಕಪ್ ಗೆಲ್ಲುತ್ತಿದ್ದೆವು. ನಾನು ಹಟ ಮಾಡಿ ಅವನನ್ನು ಡಾಕ್ಟರರ ಬಳಿ ಒಯ್ದು ತೂಗಿಸಿದೆ: ಇಪ್ಪತ್ತೇಳು ಕಿಲೋ. ಐದು ವಾರದಲ್ಲಿ ಮೈಯ ಕಾಲುಭಾಗ ಹೋಗಿತ್ತು. ಡಾಕ್ಟರರು ಹೊಟ್ಟೆ ತುಂಬ ಹಾಕಿ, ನಿಧಾನಕ್ಕೆ ಹೆಚ್ಚಿಸಿ ಎಂದು ಶೆಟ್ಟರಿಗೆ ಫೋನಿನಲ್ಲೇ ಹೇಳಿದರು.

ಕ್ಯಾಂಪಿನವರಿಗೂ ಫೋನ್ ಮಾಡಿದೆ. ಎತ್ತಿದ್ದು ಆ ಸರ್, ಸೊಲ್ಲಾಪುರದ ಕಡೆಯ ಮನುಷ್ಯ. ನಮ್ಮ ಮನೆಯ ಕನ್ನಡವನ್ನೇ ಆಡುತ್ತಿದ್ದ, ಅದು ನನಗೆ ಇನ್ನಷ್ಟು ಹೇಸಿಗೆ ತಂದಿತು.

“ಹೊಟ್ಟಿ ಖಾಲಿ ಇದ್ರ ತಲಿ ನಡೀತದ ಮೇಡಂ,” ಎಂದ. “ತಿನ್ನೂ ಆಸೆಗೆ ನೀವು ಓದಿದವರು ಫುಡ್ ಡ್ರೈವ್ ಅಂತೀರಿ, ನಾವು ಹಸಿವು ಅಂತೀವಿ. ಎರಡೂ ಒಂದ ಅದ.”

“ಒಂದ ಅಲ್ಲರಿ. ನಾಯಿಗೆ ಬ್ಯಾಡ ಅನ್ನಾಕ ಬರೂದಿಲ್ಲಂದ್ರ ಅದು ಬಹುಮಾನ ಹ್ಯಾಂಗ ಆಗ್ತದ?”

“ನಾಯಿ ಕುಂಡ್ರತದೋ ಇಲ್ಲೋ? ಅಷ್ಟ ಹೇಳ್ರಿ.”

ಕೂರುತ್ತದೆ. ಹಸಿದವರು ಏನು ಬೇಕಾದರೂ ಮಾಡುತ್ತಾರೆ, ಅದಕ್ಕೆ ಕಲಿಯುವುದು ಎನ್ನುವುದಿಲ್ಲ. ಇದನ್ನು ಹೇಳುವ ಮೊದಲೇ ಅವನು ಫೋನ್ ಇಟ್ಟಿದ್ದ.

ಮೂರು ದಿನ ಬಿಟ್ಟು ಬೆಳಿಗ್ಗೆ ಬೇಗ ಹೋಟೆಲಿಗೆ ಹೋದೆ, ಡಾಕ್ಟರರು ಹೇಳಿದಂತೆ ಹಾಕುತ್ತಿದ್ದಾರೋ ಎಂದು ನೋಡಲು. ಕಾವಲಿ ಕಾದಿತ್ತು. ರಾಜುವನ್ನು ಹಿತ್ತಲ ಗೂಟಕ್ಕೆ ಕಟ್ಟಿದ್ದರು. ಭಟ್ಟರು ಮೊದಲ ದೋಸೆ ಎಬ್ಬಿಸಿ ಶೆಟ್ಟರ ಕೈಗೆ ಕೊಟ್ಟರು. ಪದ್ಧತಿ ಪದ್ಧತಿಯೇ, ಅದು ಗಿರಾಕಿಗೆ ಹೋಗುವಂತಿಲ್ಲ. ಶೆಟ್ಟರು ಅದನ್ನು ಹಿಡಿದು ಹಿತ್ತಲಿಗೆ ಬಂದು, ರಾಜುವಿನ ಮುಂದೆಯೇ ನಡೆದು ಹೋಗಿ, ಎಂಜಲೆಲೆಯ ಡ್ರಮ್ಮಿಗೆ ಹಾಕಿದರು. ಆವಿ ಇನ್ನೂ ಏಳುತ್ತಿತ್ತು. ಮುಚ್ಚಳ ಹಾಕಿ ಕೈ ತೊಳೆದು ಒಳಗೆ ಹೋದರು. ನಾನು ಬಾಗಿಲ ಬಳಿ ಇದ್ದದ್ದನ್ನು ಅವರು ನೋಡಲಿಲ್ಲ. ರಾಜು ಬೊಗಳಲೂ ಇಲ್ಲ.

ಅವತ್ತು ಆ ಹೋಟೆಲಿನ ಬನ್ಸನ್ನು ನಾನು ಮುಟ್ಟಲಿಲ್ಲ. ತಟ್ಟೆಯನ್ನು ಹಾಗೇ ವಾಪಸು ಕೊಟ್ಟೆ. ವನಜಕ್ಕ ಕೇಳಿದರು, ಏನಾಯ್ತು ಮಗಾ ಎಂದು. ನಾನು ಡ್ರಮ್ಮಿನ ಕಡೆ ಕೈ ತೋರಿಸಿದೆ.

ಅವರು ದನಿ ಇಳಿಸಿದರು. “ಸರ್ ಹೇಳಿದ್ದಾರೆ, ದಿನಕ್ಕೆ ಒಂದು ಮುಷ್ಟಿಗಿಂತ ಜಾಸ್ತಿ ಹಾಕಿದ್ರೆ ಕಲಿತದ್ದೆಲ್ಲ ಮರೀತಾನಂತೆ. ಗೃಹಪ್ರವೇಶ ಒಂದು ಆಗ್ಲಿ. ನಂಗೆ ನೋಡ್ಲಿಕ್ಕೆ ಆಗುದಿಲ್ಲ ಅಂತ ನಾನು ಆ ಹೊತ್ತಿಗೆ ಹಿತ್ತಲಿಗೆ ಹೋಗುದೇ ಇಲ್ಲ.”

ಕ್ಯಾಂಪಿನವನಿಗಾದರೂ ರಾಜು ಬಂದು ಹೋಗುವ ಹತ್ತು ನಾಯಿಗಳಲ್ಲಿ ಒಂದು. ಇವರು ಅವನಿಗೆ ನಾಲ್ಕು ವರ್ಷ ತಮ್ಮ ಕೈಯಾರೆ ಉಣಿಸಿದವರು. ಅವರಿಗೆ ಗೊತ್ತಿರಲಿಲ್ಲ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಗೊತ್ತಿಲ್ಲದವರು ಹಿತ್ತಲಿಗೆ ಹೋಗಲು ಹೆದರುವುದಿಲ್ಲ.

ಗೃಹಪ್ರವೇಶ ಆಯಿತು. ಹಿಂಜವಾಡಿಯ ಲಿಫ್ಟಿನಲ್ಲಿ ರಾಜು ನಾಲ್ಕು ದಿನ ಕಲ್ಲಿನಂತೆ ನಿಂತ. ಐದನೆಯ ದಿನ ಏಳನೇ ಮಹಡಿಯಲ್ಲಿ ಒಬ್ಬರು ಮರಾಠಿ ಅಜ್ಜಿ ರವೆಯ ಸಿಹಿ ಶಿರಾ ತುಂಬಿದ ಡಬ್ಬಿ ಹಿಡಿದು ಹತ್ತಿದರು. ತುಪ್ಪದ ವಾಸನೆ ಸಣ್ಣ ಪೆಟ್ಟಿಗೆಯ ತುಂಬ ಹರಡಿರಬೇಕು. ಅವನು ಡಬ್ಬಿಗೆ ಹಾರಿದ, ಅಜ್ಜಿ ಬಿಡಲಿಲ್ಲ, ಹಲ್ಲು ಅಂಗೈಗೆ ಹೋಯಿತು. ಅವರು ಕಿರುಚುತ್ತಿದ್ದಾಗಲೂ ಅವನು ನೆಲದ ಶಿರಾ ನೆಕ್ಕುತ್ತಿದ್ದನಂತೆ. ಇದನ್ನು ಜನ ಅವನ ನೀಚತನಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಅಂಗೈಯ ಗಾಯ ಸಣ್ಣದಲ್ಲ, ಆ ಅಜ್ಜಿಯ ತಪ್ಪೂ ಏನಿಲ್ಲ. ಆದರೆ ಯಾರು ಕಚ್ಚಿಸಿದರು ಎಂಬ ಪ್ರಶ್ನೆಗೆ ನಾಯಿಯ ಹೆಸರು ಉತ್ತರವಲ್ಲ.

ಸೊಸೈಟಿಯವರು ನಾಯಿ ಹೋಗಬೇಕು ಎಂದರು, ಶೆಟ್ಟರು ಅವನನ್ನು ಮತ್ತೆ ಹೋಟೆಲಿನ ಹಿತ್ತಲಿಗೆ ತಂದು ಕಟ್ಟಿದರು. ಸಂಜೆಯೇ ನಾನು ಶೆಟ್ಟರಿಗೆ ಫೋನ್ ಮಾಡಿ ರಾಜುವನ್ನು ನನಗೆ ಕೊಡಿ ಎಂದು ಕೇಳಿದೆ. ನಮ್ಮ ಅಪ್ಪನೂ ಒಪ್ಪಿದ್ದರು. “ಆಯ್ತು, ನಾಳೆ ಬಾ,” ಎಂದರು ಶೆಟ್ಟರು. ಮರುದಿನ ಹೋದಾಗ ಗೂಟದಲ್ಲಿ ಸರಪಳಿ ಮಾತ್ರ ಇತ್ತು. ಬೆಳಿಗ್ಗೆಯೇ ಕ್ಯಾಂಪಿನ ಟೆಂಪೊ ಬಂದು ಒಯ್ದಿತ್ತು. ಚಾಕಣಕ್ಕೆ ಹೋದೆ. ಯಾವುದೋ ಗೋಡೌನಿನ ಕಾವಲಿಗೆ ಕೊಟ್ಟಾಯಿತು ಎಂದ ಆ ಮನುಷ್ಯ. ಯಾವ ಗೋಡೌನ್ ಎಂದು ಹೇಳಲಿಲ್ಲ. ಚಾಕಣದಲ್ಲಿ ಗೋಡೌನುಗಳಿಗೆ ಲೆಕ್ಕವಿಲ್ಲ. ಎರಡು ವಾರ ಸ್ಕೂಟರಿನಲ್ಲಿ ಸುತ್ತಿದೆ. ಸಿಗಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ನಾಯಿಗಳ ಬಗ್ಗೆ ಕಡಿಮೆ, ಮನುಷ್ಯರ ಬಗ್ಗೆ ಹೆಚ್ಚು. ತಿನಿಸು ಯಾರನ್ನೂ ಕೆಡಿಸುವುದಿಲ್ಲ, ಆಟವೂ ಕೆಡಿಸುವುದಿಲ್ಲ. ಬೇಡವೆಂದು ಮುಖ ತಿರುಗಿಸುವ ಸ್ವಾತಂತ್ರ್ಯ ನಾಯಿಗೆ ಇರುವವರೆಗೆ ಮಾತ್ರ ಅದು ತರಬೇತಿ. ಮೊದಲ ದಿನ ನನ್ನ ಲಿವರನ್ನು ಬೇಡವೆಂದ ರಾಜು ಆರೋಗ್ಯವಾಗಿದ್ದ. ಈಗ ಹೊಸ ಮನೆಗೆ ಹೋದಾಗ ನಾನು ಮೊದಲು ನಾಯಿಯನ್ನು ನೋಡುವುದಿಲ್ಲ, ಮನೆಯವರಿಗೆ ಎಷ್ಟು ಅವಸರವಿದೆ ಎಂದು ನೋಡುತ್ತೇನೆ.

ಕಳೆದ ತಿಂಗಳು ಶೆಟ್ಟರ ಫೋನ್ ಬಂತು, ಏನೂ ಆಗಿಲ್ಲ ಎಂಬ ದನಿಯಲ್ಲಿ. ಹೊಸ ಮರಿ ತಂದಿದ್ದಾರಂತೆ, ಸೊಸೈಟಿಯವರೂ ಒಪ್ಪಿದ್ದಾರಂತೆ, ಈ ಸಲ ಶುರುವಿನಿಂದಲೇ ನಾನೇ ಕಲಿಸಬೇಕಂತೆ. ಬೈರಾಸು ಎಂದರೆ ಇದಕ್ಕೂ ಜೀವ ಎಂದು ನಕ್ಕರು.

ಬರುತ್ತೇನೆ, ಆದರೆ ಒಂದಕ್ಕೆ ಉತ್ತರ ಬೇಕು ಎಂದೆ. ಕೇಳು ಎಂದರು.

“ದಿನಾ ಮುಂಜಾನೆ ಅವನ ಮುಂದ ಹಾದು ದೋಸಿ ಡ್ರಮ್ಮಿಗೆ ಹಾಕ್ತಿದ್ರಲ್ಲ, ಶೆಟ್ಟ್ರೇ, ಆವಾಗ ರಾಜು ನೋಡತಿದ್ದದ್ದು ನಿಮ್ಮ ಕೈನೋ, ಮುಖಾನೋ?”