ಸ್ಟಿಲ್ ಮೇಷ್ಟ್ರು

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮೇಷ್ಟ್ರನ್ನು ಬೀದಿಗೆ ಬೀದಿಯೇ ಸ್ಟಿಲ್ ಮೇಷ್ಟ್ರು ಎಂದು ಕರೆಯುತ್ತಿತ್ತು. ಹೊಸದಾಗಿ ಬಾಡಿಗೆಗೆ ಬಂದ ಹೆಂಗಸೊಬ್ಬಳು ಅದನ್ನು ಸ್ಟೀಲ್ ಎಂದು ಕೇಳಿಸಿಕೊಂಡು, ತೂತು ಬಿದ್ದ ಕೊಳಗ ಹಿಡಿದು ಮೆಟ್ಟಿಲು ಹತ್ತಿ ಬಂದದ್ದೂ ಉಂಟು. ಮೇಷ್ಟ್ರು ನಗಲಿಲ್ಲ. ಅವಳನ್ನು ಬೆಂಚಿನ ಮೇಲೆ ಕೂರಿಸಿ ಎರಡು ಪದಗಳ ವ್ಯತ್ಯಾಸ ಬಿಡಿಸಿ ಹೇಳಿ ಕಳಿಸಿದರು. ಪಾಪ, ಕೊಳಗ ಸೋರುವುದೇನೂ ನಿಲ್ಲಲಿಲ್ಲ.

ಹೆಸರು ಸುಮ್ಮನೆ ಬಿದ್ದದ್ದಲ್ಲ. ಕನ್ನಡದಲ್ಲಿ 'ಇನ್ನೂ' ಎಂಬ ಒಂದೇ ಪದ ಹೇಗೋ ಸಂಸಾರ ತೂಗಿಸುತ್ತದೆ. ಇನ್ನೂ ಇದ್ದಾನೆ ಎನ್ನಲೂ ಅದೇ, ಇನ್ನೂ ಬಂದಿಲ್ಲ ಎನ್ನಲೂ ಅದೇ. ಇಂಗ್ಲಿಷಿನವರಿಗೆ ಅಷ್ಟರಲ್ಲಿ ತೃಪ್ತಿಯಿಲ್ಲ. ನಡೆಯುತ್ತಿರುವುದು ನಿಂತಿಲ್ಲ ಎನ್ನಲು ಸ್ಟಿಲ್, ಆಗಬೇಕಾದದ್ದು ಆಗಿಲ್ಲ ಎನ್ನಲು ಸಾಮಾನ್ಯವಾಗಿ ಯೆಟ್. ಹಿ ಈಸ್ ಸ್ಟಿಲ್ ವರ್ಕಿಂಗ್. ಹಿ ಹ್ಯಾಸ್ ನಾಟ್ ಕಮ್ ಯೆಟ್. ಅಂಗಡಿ ಗುಮಾಸ್ತರು, ನರ್ಸ್ ಕೆಲಸಕ್ಕೆ ಓದುವ ಹುಡುಗಿಯರು, ಯಾರೇ ಬರಲಿ, ಮೊದಲ ದಿನವೇ ಬೋರ್ಡಿನ ಮೇಲೆ ಇವೆರಡು ವಾಕ್ಯ.

ಎರಡನ್ನೂ ಕಲಸಿಬಿಟ್ಟರೆ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಯಾರಾದರೂ ಸ್ಟಿಲ್ ಎಂದು ಹೇಳಿ ವಾಕ್ಯವನ್ನು ಅಲ್ಲೇ ಕೈಬಿಟ್ಟಾಗ. ನರ್ಸ್ ಕೆಲಸಕ್ಕೆ ಓದುತ್ತಿದ್ದ, ಇಸ್ತ್ರಿ ಅಂಗಡಿಯವನ ಮಗಳಿಗೆ ಈ ಚಾಳಿ ಅಂಟಿಕೊಂಡಿತ್ತು. ಅವಳಿಗೆ ಮೇಷ್ಟ್ರು 'ಅರ್ಧವಾಕ್ಯ' ಎಂದೇ ಹೆಸರಿಟ್ಟಿದ್ದರು.

"ಸ್ಟಿಲ್ ಅಂದ್ಮೇಲೆ ಏನು ಮಾಡ್ತಿದ್ದಾಳೆ ಅಂತ ಹೇಳ್ಬೇಕಮ್ಮ. ಶಿ ಈಸ್ ಸ್ಟಿಲ್ ಅಂತ ನಿಲ್ಲಿಸಿಬಿಟ್ರೆ ಅರ್ಥನೇ ಬೇರೆ. ಅಲುಗಾಡದೆ ಬಿದ್ದಿದ್ದಾಳೆ ಅಂತ!"

ಪಕ್ಕದ ಕೋಣೆಯಿಂದ ಅವರ ಹೆಂಡತಿಯ ದನಿ ತೇಲಿ ಬರುತ್ತಿತ್ತು. "ಅಲ್ರೀ, ಯಾಕೆ ಆ ಹುಡುಗಿ ಜೀವ ತಿಂತೀರ? 'ಇನ್ನೂ' ಅಂದ್ರೆ ಸಾಕಪ್ಪ, ಮಿಕ್ಕಿದ್ದು ಕೇಳೋರಿಗೆ ತಾನೇ ಗೊತ್ತಾಗುತ್ತೆ."

ಆಕೆಗೆ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ. ಮೇಷ್ಟ್ರಿಗೆ ಆಕೆಯಷ್ಟು ಧೈರ್ಯದಿಂದ ಎದುರಾಡುವವರು ಬೇರೆ ಯಾರೂ ಇರಲಿಲ್ಲ. ಮಕ್ಕಳಿಲ್ಲದ ಮನೆ, ಇದ್ದ ಇಬ್ಬರೇ ಒಬ್ಬರನ್ನೊಬ್ಬರು ರೇಗಿಸಿಕೊಂಡು ದಿನ ತಳ್ಳುತ್ತಿದ್ದರು.

ಕೆಲವು ವರ್ಷಗಳ ಮೇಲೆ ಆಕೆ ಹೃದಯ ದುರ್ಬಲವಾಗಿ ಆಸ್ಪತ್ರೆ ಸೇರಿದಾಗ, ಆ ವಾರ್ಡಿನ ನರ್ಸು ಬೇರೆ ಯಾರೂ ಅಲ್ಲ, ಅರ್ಧವಾಕ್ಯವೇ. ಮೇಷ್ಟ್ರಿಗೆ ಅರ್ಧ ಭಾರ ಇಳಿದಂತಾಯಿತು. ಮಂಚದ ಪಕ್ಕ ಕೂತೇ ಇರುತ್ತೇನೆ ಎಂದರೆ ಹೆಂಡತಿ ಬಿಡಲಿಲ್ಲ. "ನನ್ನ ಮುಖ ನೋಡ್ಕೊಂಡು ಕೂತ್ರೆ ಗುಣ ಆಗುತ್ತಾ? ಹೋಗಿ ಪಾಠ ಮಾಡಿ. ಈ ಹುಡುಗಿ ಇದ್ದಾಳಲ್ಲ, ನಿಮಗೆ ಸುದ್ದಿ ಕೊಡ್ತಾಳೆ." ಪಾಠದ ಹೊತ್ತಿನಲ್ಲಿ ಮೇಷ್ಟ್ರು ಫೋನ್ ಎತ್ತುವವರಲ್ಲ, ಹಾಗಾಗಿ ಹುಡುಗಿ ಮೆಸೇಜು ಕಳಿಸುತ್ತಿದ್ದಳು. ತಮ್ಮ ಬಳಿ ಕಲಿತವರು ತಮಗೆ ಇಂಗ್ಲಿಷಿನಲ್ಲೇ ಬರೆಯಬೇಕು ಎಂಬುದು ಮೇಷ್ಟ್ರದೇ ಕಟ್ಟಪ್ಪಣೆ.

ಒಂದು ಮಧ್ಯಾಹ್ನ ಬಂದ ಮೆಸೇಜಿನಲ್ಲಿ ಇದ್ದದ್ದಿಷ್ಟು: ಮೇಡಂ ಈಸ್ ಸ್ಟಿಲ್.

ಮೇಷ್ಟ್ರ ಜೀವ ಬಾಯಿಗೆ ಬಂತು. ಒಂದೇ ಉಸಿರಿಗೆ ಆಸ್ಪತ್ರೆಗೆ ಓಡಿದರು. ಅಲ್ಲಿ ನೋಡಿದರೆ ಹೆಂಡತಿ ದಿಂಬಿಗೆ ಒರಗಿ ತಲೆ ಬಾಚಿಕೊಳ್ಳುತ್ತಿದ್ದಾರೆ! ಇನ್ನೂ ಮಲಗಿದ್ದಾರೆ ಎಂದು ಬರೆಯಹೊರಟ ಹುಡುಗಿ ಯಾರೋ ಕರೆದರೆಂದು ಅರ್ಧಕ್ಕೇ ಕಳಿಸಿಬಿಟ್ಟಿದ್ದಳು. ಮೇಷ್ಟ್ರು ವಾರ್ಡಿನ ಬಾಗಿಲಲ್ಲೇ ಅವಳ ಬೆವರಿಳಿಸಿದರು. "ಹೀಗೆ ಬರೆದ್ರೆ ಏನರ್ಥ? ಎಷ್ಟು ಸಲ ಬಾಯಿ ಬಡ್ಕೊಂಡಿದ್ದೀನಿ?" ಹುಡುಗಿ ಅಳುಮುಖ ಮಾಡಿಕೊಂಡು ನಿಂತಳು. ಒಳಗೆ ಹೆಂಡತಿ ಎದೆ ಹಿಡಿದುಕೊಂಡು ನಗುತ್ತಿದ್ದರು. "ನನ್ನನ್ನ ಸಾಯಿಸಿದ್ದು ಅವಳಲ್ಲ ಕಣ್ರೀ, ನಿಮ್ಮ ವ್ಯಾಕರಣ."

ಅದಾದ ಮೇಲೆ ಹುಡುಗಿ ಎಲ್ಲ ವಾಕ್ಯವನ್ನೂ ಪೂರ್ತಿ ಬರೆದಳು. ಸ್ಟಿಲ್ ಸ್ಲೀಪಿಂಗ್. ಸ್ಟಿಲ್ ವೀಕ್. ಡಾಕ್ಟರ್ ಹ್ಯಾಸ್ ನಾಟ್ ಕಮ್ ಯೆಟ್. ತಪ್ಪು ಹುಡುಕಿದರೂ ಸಿಗದಂಥ ವಾಕ್ಯಗಳು.

ಮುಂದಿನ ವಾರ, ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಮೇಜಿನ ಮೇಲಿನ ಫೋನು ಬೆಳಗಿತು. ಮೇಡಂ ಈಸ್ ಸ್ಟಿಲ್.

"ನೋಡಿ, ಮತ್ತೆ ಅದೇ ತಪ್ಪು," ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವಂತೆ. ಸಿಟ್ಟು ಬರಿಸಿಕೊಳ್ಳಲು ನೋಡಿದರು, ಬರಲಿಲ್ಲ. ಶಿಷ್ಯರ ಬೆಂಚಿನ ತುದಿಯಲ್ಲೇ ಕೂತರು. ಜೀವಮಾನವೆಲ್ಲ ಬೇರೆಯವರ ತಪ್ಪು ತಿದ್ದಿದ ಮನುಷ್ಯ, ಇದೊಂದು ತಪ್ಪಾಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

"ಫೋನ್ ಮಾಡಿ ಕೇಳಿ ಸರ್," ಎಂದ ಮುಂದೆ ಕೂತಿದ್ದ ಗುಮಾಸ್ತ.

"ಬೇಡಪ್ಪ. ಹೋಗಿ ಬರ್ತೀನಿ."

ಈ ಸಲ ಓಡಲಿಲ್ಲ. ಬಸ್ಸು ಹತ್ತಿರವೇ ಬಂದು ನಿಂತರೂ ಹತ್ತಲಿಲ್ಲ. ದಾರಿ ಮುಗಿಯುವ ತನಕ ಅದು ತಪ್ಪಾಗಿಯೇ ಇರಬಹುದಿತ್ತು. ಹುಡುಗಿಗೆ ಏನೇನು ಬೈಯಬೇಕು ಎಂದು ಒಂದೊಂದಾಗಿ ಜೋಡಿಸಿಕೊಳ್ಳುತ್ತ ನಡೆದರು. ಹೆಂಡತಿ ಹೇಗೆ ನಗುತ್ತಾರೆ ಎಂಬುದನ್ನೂ ನೆನೆದರು.

ಹುಡುಗಿ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಇನ್ನೊಂದು ಪದ ಗೊತ್ತಿತ್ತು ಸರ್. ಅದನ್ನ ಬರೆಯೋಕೆ ಕೈಯೇ ಬರ್ಲಿಲ್ಲ. ನೀವು ಹೇಳಿಕೊಟ್ಟಿದ್ದನ್ನೇ ಬರ್ದೆ," ಎಂದಳು. "ತಪ್ಪಾಯ್ತಾ ಸರ್?"

ಮೇಷ್ಟ್ರು ಅವಳನ್ನು ದಾಟಿ ಒಳಗೆ ಹೋದರು. ಮಂಚದ ಹತ್ತಿರ ನಿಂತು ಬಹಳ ಹೊತ್ತು ನೋಡಿದರು. ತಲೆ ನೀಟಾಗಿ ಬಾಚಿತ್ತು, ಬಾಚಣಿಗೆ ದಿಂಬಿನ ಪಕ್ಕದಲ್ಲೇ ಇತ್ತು. ಹೊದಿಕೆಯ ಮೇಲಿದ್ದ ಕೈಯನ್ನು ಮುಟ್ಟಿದರು, ಮೆಲ್ಲಗೆ ಅಲುಗಿಸಿದರು.

"ಇಲ್ಲಮ್ಮ," ಎಂದರು, ತಿರುಗದೆ. "ಸರಿಯಾಗೇ ಬರ್ದಿದ್ದೀಯ."

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಹೋದಳು. ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತು ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರು.

"ಇನ್ನೂ..." ಎಂದರು. ವಾಕ್ಯ ಅಲ್ಲೇ ನಿಂತಿತು. ಮಿಕ್ಕಿದ್ದನ್ನು ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳಲು ಆಕೆ ಇರಲಿಲ್ಲ.